ಕೆರೆನ್, ಹೊಸರಿತ್ತಿ, ಸಾಂಗ್‌ಶಾಕ್

ಹಿರೇಬೆಂಡಿಗೇರಿ

ಪ್ರೀತಿಯ ತಮ್ಮಾ,

ಗೋವಿನಜೋಳ ಈ ಸಲ ಚಲೋ ಬಂದಿದೆ, ಅಪ್ಪನ ಮೊಣಕಾಲು ನೋವೂ ಕಡಿಮೆ. ಹೋದ ರವಿವಾರ ಟ್ರೇನಿಂಗ್ ಸೆಂಟರಿನಿಂದ ಫೋನ್ ಮಾಡಿದಾಗ ನೀನು, "ಅಕ್ಕಾ, ಉಸ್ತಾದರು ಪಲ್ಟನ್ನಿನ ಲಡಾಯಿ ಹೆಸರು ಬಾಯಿಪಾಠ ಮಾಡಸ್ತಾರ, ಅವು ಯಾವ ದೇಶದಾಗ ಅದಾವೋ, ಯಾಕ ಆದ್ವೋ ತಿಳೀವಲ್ದು" ಅಂದೆ. ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೊತ್ತು ಸಿಕ್ಕಾಗ ಸ್ವಲ್ಪ ಸ್ವಲ್ಪ ಓದು.

ಹತ್ತನೇ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಮೂರು ಹೆಸರು ಬರೆಯುತ್ತೇನೆ: ಮಿಡ್‌ವೇ, ಎಲ್ ಅಲಮೀನ್, ಸ್ಟಾಲಿನ್‌ಗ್ರಾಡ್. 1942ರ ಜೂನ್‌ನಿಂದ 1943ರ ಫೆಬ್ರವರಿಯೊಳಗೆ ಯುದ್ಧದ ದಿಕ್ಕು ಈ ಮೂರೂ ಕಡೆ ಬದಲಾಯಿತು. ಜಪಾನ್ ನಾಲ್ಕು ವಿಮಾನವಾಹಕ ಹಡಗು ಕಳೆದುಕೊಂಡಿತು, ಜರ್ಮನ್ ಸೇನಾಪತಿ ರೋಮೆಲ್ ಈಜಿಪ್ಟಿನಿಂದ ಹಿಂದೆ ಸರಿದ, ಜರ್ಮನರ ಆರನೆಯ ಸೇನೆ ಫೆಬ್ರವರಿ 2ಕ್ಕೆ ಪೂರ್ತಿ ಶರಣಾಯಿತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ದೊಡ್ಡ ಗೆಲುವುಗಳು ನಿಂತಿದ್ದು ಪುಸ್ತಕ ಒಂದು ಸಾಲೂ ಕೊಡದ ಊರುಗಳ ಮೇಲೆ. ನಿನ್ನ ಮರಾಠಾ ಪಲ್ಟನ್ ಕಾದಿದ್ದು ಅಂಥ ಕಡೆಗಳಲ್ಲಿ.

ಮೊದಲು ಕೂಟ್. ಇರಾಕಿನ ಟೈಗ್ರಿಸ್ ನದಿ ದಂಡೆಯ ಊರು, ಮೊದಲನೆಯ ಮಹಾಯುದ್ಧದ ಕಾಲ. ಬಾಗ್ದಾದ್ ಗೆಲ್ಲಲು ಹೊರಟ ಬ್ರಿಟಿಷ್ ಇಂಡಿಯಾದ ಆರನೆಯ ಪೂನಾ ಡಿವಿಜನ್ ಸೋತು ಹಿಂದೆ ಬಂದು ಆ ಊರೊಳಗೆ ಸೇರಿಕೊಂಡಿತು. 1915ರ ಡಿಸೆಂಬರ್‌ನಲ್ಲಿ ಟರ್ಕಿಯವರು ಸುತ್ತಲೂ ಮುತ್ತಿದರು. ಒಳಗಿದ್ದವರಲ್ಲಿ 103, 110, 117ನೆಯ ಮರಾಠಾ ಪಲ್ಟನ್ನುಗಳಿದ್ದವು. ರೇಷನ್ ದಿನದಿಂದ ದಿನಕ್ಕೆ ಇಳಿಯಿತು. ಕಡೆಗೆ ಕುದುರೆ ಕಡಿದು ಮಾಂಸ ಕೊಟ್ಟರು. ಜಾತಿ ಕೆಡುತ್ತದೆಂದು, ಊರಿಗೆ ಹೋದರೆ ಮನೆಯವರು ಹೊರಗಿಡುತ್ತಾರೆಂದು ನಮ್ಮ ಎಷ್ಟೋ ಸಿಪಾಯಿಗಳು ಬಹಳ ದಿನ ಅದನ್ನು ಮುಟ್ಟಲಿಲ್ಲ. ಅವರನ್ನು ಬಿಡಿಸಲು ಹೊರಟ ಸೇನೆಯಲ್ಲೇ 20 ಸಾವಿರಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು. 1916ರ ಏಪ್ರಿಲ್ 29ಕ್ಕೆ ಕೂಟ್ ಶರಣಾಯಿತು. ಸುಮಾರು 13 ಸಾವಿರ ಜನ ಸೆರೆಯಾದರು. ಬಹಳ ಮಂದಿ ಮರುಭೂಮಿಯ ನಡಿಗೆಯಲ್ಲಿ, ಸೆರೆಯ ದುಡಿಮೆಯಲ್ಲಿ ತೀರಿಹೋದರು. ಅವ್ವ ಪ್ರತಿ ಸಲ ನಿನಗೆ ಮೊದಲು ಕೇಳುವುದು "ಊಟಾ ಆತೇನೋ" ಅಂತ. ಕೂಟ್‌ನಲ್ಲಿದ್ದವರ ಅವ್ವಂದಿರಿಗೆ ಅದನ್ನು ಕೇಳುವ ದಾರಿಯೇ ಇರಲಿಲ್ಲ. ಬಾಗ್ದಾದ್ ಮಾರನೆಯ ವರ್ಷ ಮಾರ್ಚ್‌ನಲ್ಲಿ ಬಿತ್ತು. ಆ ಗೆಲುವಿನ ಸಾಲು ಓದುವಾಗಲೆಲ್ಲ ನನಗೆ ಹಸಿದವರೇ ನೆನಪಾಗುತ್ತಾರೆ.

ಇನ್ನು ಕೆರೆನ್. ಇದನ್ನು ನೀನು ಚೆನ್ನಾಗಿ ತಿಳಿದುಕೊಳ್ಳಬೇಕು.

ಕೆರೆನ್ ಇರುವುದು ಆಫ್ರಿಕಾದ ಎರಿಟ್ರಿಯಾದಲ್ಲಿ. 1941ರಲ್ಲಿ ಅದು ಇಟಲಿಯ ಕೈಯಲ್ಲಿತ್ತು. ಬಯಲಿನಿಂದ ಮೇಲಕ್ಕೆ ಹೋಗಲು ಇದ್ದದ್ದು ಒಂದು ಇಕ್ಕಟ್ಟಾದ ಕಣಿವೆ. ಇಟಲಿಯವರು ಬಂಡೆ ಸಿಡಿಸಿ ಆ ದಾರಿ ಮುಚ್ಚಿ, ಎರಡೂ ಕಡೆಯ ಗುಡ್ಡಗಳ ನೆತ್ತಿಯ ಮೇಲೆ ಕುಳಿತಿದ್ದರು. ಹತ್ತಬೇಕಾದವರು ನಮ್ಮ ನಾಲ್ಕು ಮತ್ತು ಐದನೆಯ ಡಿವಿಜನ್ನಿನವರು. ಅವರಲ್ಲಿ ಐದನೆಯ ಮರಾಠಾ ರೆಜಿಮೆಂಟಿನ ಎರಡನೆಯ, ಮೂರನೆಯ ಪಲ್ಟನ್ನುಗಳಿದ್ದವು. ಬಿಸಿಲಿಗೆ ಕಾದ ಕಲ್ಲು, ಮುಳ್ಳಿನ ಪೊದೆ, ನೆರಳಿಲ್ಲ. ನೀರು, ಗುಂಡು, ರೊಟ್ಟಿ ಎಲ್ಲವನ್ನೂ ಬೆನ್ನ ಮೇಲೆ ಹೊತ್ತೇ ಏರಿಸಬೇಕು, ಗಾಯಗೊಂಡವರನ್ನು ಅದೇ ಇಳಿಜಾರಿನಲ್ಲಿ ಕೆಳಗೆ ತರಬೇಕು. ಫೆಬ್ರವರಿಯಲ್ಲಿ ಎರಡು ಸಲ ಪ್ರಯತ್ನಿಸಿ ಸೋತರು. ಮಾರ್ಚ್ ನಡುವಿನಲ್ಲಿ ಮತ್ತೆ ಹತ್ತಿದರು. ದೊಲೊಗೊರೊಡೊಕ್ ಎಂಬ ಕೋಟೆ ಕೈಗೆ ಬಂತು, ಅದನ್ನು ಮರಳಿ ಪಡೆಯಲು ಇಟಲಿಯವರು ಮೇಲಿಂದ ಮೇಲೆ ಬಿದ್ದರು. ಮಾರ್ಚ್ 27ಕ್ಕೆ ಕೆರೆನ್ ಬಿತ್ತು.

ಅದರಿಂದ ಆದದ್ದೇನು? ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗು ಓಡಿಸುವುದು ಆಗ ಬಹಳ ಅಪಾಯದ ಕೆಲಸ. ಈಜಿಪ್ಟಿನ ಸೈನ್ಯಕ್ಕೆ ಸಾಮಾನು ಹೋಗಬೇಕಾದರೆ ಆಫ್ರಿಕಾ ಸುತ್ತಿ ಕೆಂಪು ಸಮುದ್ರದ ಮೂಲಕ ಸುಯೆಜ್ ಮುಟ್ಟಬೇಕು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಅದರ ಕಾನೂನಿನ ಪ್ರಕಾರ ಅದರ ಹಡಗುಗಳು ಯುದ್ಧವಲಯಕ್ಕೆ ಹೋಗುವಂತಿರಲಿಲ್ಲ. ಕೆರೆನ್ ಬಿದ್ದು, ಅದರ ಹಿಂದೆ ಮಸಾವಾ ಬಂದರೂ ಬಿದ್ದ ಮೇಲೆ, ಏಪ್ರಿಲ್ 11ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೆಂಪು ಸಮುದ್ರ ಇನ್ನು ಯುದ್ಧವಲಯವಲ್ಲ ಎಂದು ಸಾರಿದರು. ಅಮೆರಿಕದ ಹಡಗುಗಳು ಸಾಮಾನು ತುಂಬಿಕೊಂಡು ನೇರ ಸುಯೆಜ್‌ಗೆ ಬರತೊಡಗಿದವು. ಮಾರನೆಯ ವರ್ಷ ಎಲ್ ಅಲಮೀನ್‌ನಲ್ಲಿ ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿ ಗೆದ್ದಾಗ ಅವನ ಬೆನ್ನಿಗಿದ್ದದ್ದು ಈ ದಾರಿ. ಮಕ್ಕಳ ಪುಸ್ತಕದಲ್ಲಿ ಮಾಂಟ್‌ಗೊಮರಿ ಇದ್ದಾನೆ, ಕೆರೆನ್ ಗುಡ್ಡಕ್ಕೆ ನೀರಿನ ಡಬ್ಬಿ ಹೊತ್ತವರಿಲ್ಲ. ಇದು ನನಗೆ ಒಪ್ಪಿಗೆಯಾಗದ ಮಾತು. ಈ ವರ್ಷ ಮಕ್ಕಳಿಗೆ ನಕಾಶೆ ತೋರಿಸಿ ಕೆರೆನ್ ಎಲ್ಲಿದೆ ಎಂದು ಗುರುತು ಮಾಡಿಸಿದೆ.

ಈಗ ಹೇಳುವುದು ನಿನ್ನ ಉಸ್ತಾದರ ಪಟ್ಟಿಯಲ್ಲಿ ಇರಲಿಕ್ಕಿಲ್ಲ.

1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿಗೆ ಶರಣಾಯಿತು. ಸೆರೆಸಿಕ್ಕವರಲ್ಲಿ ಭಾರತದ ಸಿಪಾಯಿಗಳೇ ಹತ್ತಾರು ಸಾವಿರ. ಮಾರ್ಚ್ 8ಕ್ಕೆ ರಂಗೂನ್ ಹೋಯಿತು, ಬರ್ಮಾದ ಅಕ್ಕಿ ನಿಂತಿತು. ಬಿಳಿಯರ ರಾಜ್ಯ ಅಲುಗಾಡುವುದಿಲ್ಲ ಎಂಬ ನಂಬಿಕೆ ಹಳ್ಳಿಹಳ್ಳಿಯಲ್ಲೂ ಮುರಿದುಬಿತ್ತು. ಅದೇ ತಿಂಗಳು ಮಾತುಕತೆಗೆ ಬಂದ ಬ್ರಿಟಿಷ್ ಮಂತ್ರಿ ಕ್ರಿಪ್ಸ್ ಏಪ್ರಿಲ್‌ನಲ್ಲಿ ಬರಿಗೈಯಲ್ಲಿ ಹೋದರು. ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು, ಮರುದಿನ ನಸುಕಿನಲ್ಲೇ ಗಾಂಧೀಜಿ ಮತ್ತು ಪ್ರಮುಖ ನಾಯಕರು ಜೈಲಿಗೆ. ಆಗ ನಮ್ಮ ಕಡೆ ಇನ್ನೂ ಧಾರವಾಡ ಜಿಲ್ಲೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹೊರಗುಳಿದವರನ್ನು ಕಟ್ಟಿಕೊಂಡು ಗುಪ್ತ ಹೋರಾಟಕ್ಕೆ ಇಳಿದರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕರ್ನಾಟಕದ ಒಬ್ಬನೇ ಹುಡುಗ ಅವರು, ಆಗ ಹದಿನೆಂಟು ವರ್ಷ. ಅವರ ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು.

ಯುದ್ಧಕ್ಕೆ ರೊಕ್ಕ ಬೇಕಿದ್ದ ಸರ್ಕಾರ ಹಳ್ಳಿಗಳಿಂದ ಕಂದಾಯ ಎತ್ತುತ್ತಲೇ ಇತ್ತು. ಹೊಸರಿತ್ತಿಯ ವೀರಭದ್ರ ದೇವರ ಗುಡಿಯಲ್ಲಿ ಕಂದಾಯದ ಹಣ ಇಟ್ಟು ಪೊಲೀಸರ ಕಾವಲು ಹಾಕಿದ್ದರು. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರ ತಂಡ ಅಲ್ಲಿಗೆ ನುಗ್ಗಿತು. ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಿದ್ದರು. ಸ್ಟಾಲಿನ್‌ಗ್ರಾಡ್ ಮುಗಿದು ಎರಡು ತಿಂಗಳಾಗಿತ್ತು. ಜಗತ್ತಿನಲ್ಲಿ ಹಿಟ್ಲರ್ ಸೋಲಲು ಶುರುವಾಗಿದ್ದ, ಹೊಸರಿತ್ತಿಯ ಗುಡಿಯ ಮುಂದೆ ಹಿಟ್ಲರನ ವೈರಿಗಳ ಪೊಲೀಸರೇ ನಮ್ಮವರನ್ನು ಕೊಂದರು. ಮಹಾದೇವಪ್ಪನವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ.

ಹಾಗಾದರೆ ಅದೇ ಬ್ರಿಟಿಷರ ಕೈಕೆಳಗೆ ಕಾದಿದ ನನ್ನ ಪಲ್ಟನ್ ತಪ್ಪು ಮಾಡಿತೇ ಎಂದು ನೀನು ಕೇಳಬಹುದು. ಸಾಂಗ್‌ಶಾಕ್ ಓದಿದ ಮೇಲೆ ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ಮಣಿಪುರದ ಗುಡ್ಡದ ಮೇಲಿನ ನಾಗಾ ಹಳ್ಳಿ ಅದು. 1944ರ ಮಾರ್ಚ್ 22ರಿಂದ 26ರವರೆಗೆ ಐವತ್ತನೆಯ ಪ್ಯಾರಾಶೂಟ್ ಬ್ರಿಗೇಡ್, ಅದರ ಜೊತೆ ಐದನೆಯ ಮರಾಠಾದ ನಾಲ್ಕನೆಯ ಪಲ್ಟನ್ ಅಲ್ಲಿ ಜಪಾನಿಯರನ್ನು ತಡೆದು ನಿಂತವು. ಕೆಳಗೆ ಬಂಡೆ, ಮೋರ್ಚಾ ಆಳ ತೋಡಲಾಗದು. ಮುಳ್ಳುತಂತಿ ಇಲ್ಲ, ನೀರಿಲ್ಲ, ವಿಮಾನದಿಂದ ಹಾಕಿದ ಸಾಮಾನು ಹೆಚ್ಚುಪಾಲು ಬಿದ್ದದ್ದು ವೈರಿಗಳ ಕಡೆ. ಸತ್ತ ಜಪಾನಿ ಅಧಿಕಾರಿಯೊಬ್ಬನ ಹತ್ತಿರ ಅವರ ದಾಳಿಯ ನಕಾಶೆ ಸಿಕ್ಕಿತು, ಅದನ್ನು ಇಂಫಾಲಕ್ಕೆ ಮುಟ್ಟಿಸಿದರು. ಐದನೆಯ ರಾತ್ರಿ ಉಳಿದವರು ಜಾಗ ಬಿಟ್ಟು ಇಳಿದರು. ಲೆಕ್ಕದಲ್ಲಿ ಅದು ಸೋಲು. ಆದರೆ ಜಪಾನಿಯರು ಕಳೆದುಕೊಂಡ ಆ ದಿನಗಳಲ್ಲಿ ಇಂಫಾಲ, ಕೊಹಿಮಾ ಗಟ್ಟಿಯಾದವು. ಜೂನ್ 22ಕ್ಕೆ ಇಂಫಾಲದ ಮುತ್ತಿಗೆ ಒಡೆಯಿತು, ಜಪಾನ್ ಭಾರತದೊಳಗೆ ಇನ್ನೂ ಮುಂದೆ ಬರಲಾಗಲಿಲ್ಲ. ಚೀನಾದ ನಾನ್‌ಕಿಂಗ್‌ನಲ್ಲಿ, ಫಿಲಿಪೀನ್ಸಿನ ಮನಿಲಾದಲ್ಲಿ ಆ ಸೈನ್ಯ ಜನರಿಗೆ ಮಾಡಿದ್ದನ್ನು ಓದಿದರೆ, ಸಾಂಗ್‌ಶಾಕ್‌ನಲ್ಲಿ ನಿಂತವರು ನಮ್ಮನ್ನೂ ಕಾದರು ಅಂತಲೇ ನಾನು ನಂಬುತ್ತೇನೆ.

ಆ ಕಾಲ ಒಂದೇ ಮನೆಯನ್ನೂ ಎರಡು ಮಾಡಿತ್ತು. ಕೊಡಗಿನ ತಿಮ್ಮಯ್ಯ ಬರ್ಮಾದಲ್ಲಿ ಜಪಾನಿಯರ ಎದುರು ಕಾದು ಹೆಸರು ಮಾಡಿದರೆ, ಅವರ ಅಣ್ಣ ಪೊನ್ನಪ್ಪ ನೇತಾಜಿಯ ಆಜಾದ್ ಹಿಂದ್ ಫೌಜಿನಲ್ಲಿದ್ದರು. ತಿಮ್ಮಯ್ಯ ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಆ ಇಬ್ಬರಲ್ಲಿ ಒಬ್ಬರನ್ನು ಚಿಕ್ಕವರು ಮಾಡಿ ಇನ್ನೊಬ್ಬರನ್ನು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆರೆನ್‌ನವರೂ ಹೊಸರಿತ್ತಿಯವರೂ ನನ್ನವರೇ, ತಮ್ಮಾ. ಕಸಮ್ ಪರೇಡಿನಲ್ಲಿ ಪ್ರಮಾಣಕ್ಕೆ ಕೈ ಎತ್ತುವಾಗ ಇಬ್ಬರೂ ನಿನ್ನ ಮನಸ್ಸಿನಲ್ಲಿರಲಿ.

ಒಂದು ಕೆಲಸ ಮಾಡು. ಸೆಂಟರಿನಲ್ಲಿ ಹಳೆಯ ಪಲ್ಟನ್ನುಗಳ ಹೆಸರುಪಟ್ಟಿ ನೋಡಲು ಬಿಟ್ಟರೆ ಧಾರವಾಡ ಜಿಲ್ಲೆಯ ಹೆಸರುಗಳಿವೆಯೇ ನೋಡು. ಬಂಕಾಪುರ, ಶಿಗ್ಗಾಂವಿ, ಸವಣೂರು, ಯಾವುದಿದ್ದರೂ ಬರೆದುಕೊಂಡು ಕಳಿಸು, ಮಕ್ಕಳಿಗೆ ಓದಿ ಹೇಳುತ್ತೇನೆ. ಸೂಟಿಗೆ ಬಂದಾಗ ಹಾವೇರಿಯಲ್ಲೇ ಇಳಿ, ನಾನು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಅಲ್ಲಿನ ಮಹಾದೇವಪ್ಪನವರ ಸ್ಮಾರಕ ವೀರಸೌಧ ನೋಡಿಕೊಂಡು, ಹೊಸರಿತ್ತಿಗೂ ಹೋಗಿ, ಆಮೇಲೆ ಮನೆಗೆ ಹೋಗೋಣ. ಅವ್ವನಿಗೆ ಮೊದಲೇ ಹೇಳಿಡುತ್ತೇನೆ, ಇಲ್ಲದಿದ್ದರೆ ಹೋಳಿಗೆ ಆರಿತು ಅಂತ ಬೈಯುತ್ತಾಳೆ.

ನಿನ್ನ ಅಕ್ಕ