'ಆನ್' ಮತ್ತು 'ಇನ್'

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳಿಗೆ ನಾನು ಎಂದೂ ಅಂಜಿದವನಲ್ಲ. ಅವಕ್ಕೆ ನಿಘಂಟು ಉಂಟು. ನನ್ನನ್ನು ಕಾಡಿದವು ನಾಮಪದದ ಮುಂದೆ ಬಾಗಿಲು ಕಾಯುವ ಜವಾನರಂತೆ ನಿಲ್ಲುವ 'ಆನ್', 'ಇನ್' ಎಂಬ ಪುಟ್ಟ ಪದಗಳು. ನಮ್ಮಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯವು ಪದದ ಬೆನ್ನಿಗಂಟಿಕೊಂಡು ಸದ್ದಿಲ್ಲದೆ ಮಾಡಿಬಿಡುತ್ತದೆ.

ಒಮ್ಮೆ ತರಗತಿಯಲ್ಲಿ 'ಆನ್ ಟೈಮ್', 'ಇನ್ ಟೈಮ್' ಎರಡಕ್ಕೂ ನಾನು 'ವೇಳೆಗೆ ಸರಿಯಾಗಿ' ಎಂದೇ ಬರೆದೆ. ಅಧ್ಯಾಪಕರು ಕೆಂಪು ಗೆರೆ ಎಳೆದು, "ಗೊತ್ತುಮಾಡಿದ ಗಳಿಗೆಗೆ ಬಂದರೆ ಆನ್ ಟೈಮ್, ಕೆಲಸ ಕೈಮೀರುವ ಮೊದಲು ಬಂದರೆ ಇನ್ ಟೈಮ್" ಎಂದರು. ಬರೆದುಕೊಂಡೆನೇ ಹೊರತು ತಿಳಿದುಕೊಳ್ಳಲಿಲ್ಲ.

ನಮ್ಮ ಸೀಮೆಯವರಿಗೆ 'ಟೈಮು' ಎಂದರೆ ಮೊದಲು ನೆನಪಾಗುವುದು ರೈಲು. ಕಡೂರು ದಾಟಿ ಬೀರೂರು ಸೇರಿದರೆ ಹಳಿ ಕವಲೊಡೆಯುತ್ತದೆ. 1899ರಲ್ಲಿ ಹಾಕಿದ ಹಳಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋದರೆ, ಮುಖ್ಯ ಹಳಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ.

ಕಳೆದ ವರ್ಷ ಒಂದು ಸಂಜೆ, ಅಜ್ಜಂಪುರದಲ್ಲಿ ಅಜ್ಜಿಗೆ ಕಾಯಿಲೆ ಜೋರಾಗಿದೆಯೆಂದು ಫೋನು ಬಂತು. ಕಡೂರು ನಿಲ್ದಾಣಕ್ಕೆ ಓಡಿದೆ. ರೈಲು ಒಂದು ಗಂಟೆ ತಡ. ಆ ಒಂದು ಗಂಟೆ ಕಲ್ಲುಬೆಂಚಿನ ಮೇಲೆ ಕೂರಲಾರದೆ, ನಿಲ್ಲಲಾರದೆ ಕಳೆದೆ. ಮನೆ ಮುಟ್ಟಿದಾಗ ರಾತ್ರಿಯಾಗಿತ್ತು. ಅಜ್ಜಿ ಕಣ್ಣು ತೆರೆದು, ನನ್ನ ಕೈ ತಡವಿ, "ಹೊತ್ತಿಗಾದೆ ಕಣೋ" ಎಂದಳು. ನನ್ನ ಕೈಯಿಂದ ಎರಡು ಗುಟುಕು ನೀರು ಕುಡಿದಳು. ಬೆಳಗಿನ ಜಾವ ತೀರಿಕೊಂಡಳು.

ತರೀಕೆರೆಯ ಸೋದರಮಾವ, "ರಾತ್ರಿ ಬಸ್ಸಿಲ್ಲ, ಬೆಳಿಗ್ಗೆ ಎಂಟಕ್ಕೆ ಅಲ್ಲಿರುತ್ತೇನೆ" ಎಂದಿದ್ದರು. ಎಂಟಕ್ಕೆ ಸರಿಯಾಗಿಯೇ ಬಂದರು. ಅಂಗಳದಲ್ಲಿ ನೆರೆದ ಜನರನ್ನು ಕಂಡು, ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಸಿದು ಕುಳಿತರು. ಅವರ ತಪ್ಪು ಏನಿತ್ತು? ಆಡಿದ ಮಾತಿಗೆ ಒಂದು ನಿಮಿಷವೂ ತಪ್ಪಿರಲಿಲ್ಲ.

ಈ ಭೇದವನ್ನು ಹೇಳಲು ಕನ್ನಡಕ್ಕೆ ಬಾರದೆಂದು ನಾನು ಭಾವಿಸಿದ್ದೆ. ಚತುರ್ಥಿಯ 'ಗೆ' ಎರಡು ಕಡೆಯೂ ಒಂದೇ, ನಿಜ, ಭೇದವಿರುವುದು ಕ್ರಿಯಾಪದದಲ್ಲಿ. ಹೊತ್ತಿಗೆ ಬರುವುದು ಬೇರೆ, ಹೊತ್ತಿಗಾಗುವುದು ಬೇರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಅದು ಗೊತ್ತಿತ್ತು.

ಮೊನ್ನೆ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಈ ಸಲ ಸರಿಯಾಗಿ ಬರೆದೆ.