ತಪ್ಪು ಯಾವ ಗಡಿಯಾರದ್ದು?

ಮೊಳಕಾಲ್ಮೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಸರಳ ಲೋಲಕದ ಪಾಠ ಮಾಡುತ್ತಿದ್ದೆ. ದಾರಕ್ಕೆ ಕಲ್ಲು ಕಟ್ಟಿ 20 ಆಂದೋಲನಗಳ ಕಾಲ ಅಳೆಯುವುದು ಚಟುವಟಿಕೆ. ಇದ್ದದ್ದು ಒಂದೇ ಸ್ಟಾಪ್ ಕ್ಲಾಕ್. ಅದನ್ನು ಒಂದು ಗುಂಪಿಗೆ ಕೊಟ್ಟೆ. ಇನ್ನೊಂದು ಗುಂಪು ಅದೇ ಲೋಲಕವನ್ನು ಹಳೆಯ ಕಂಪ್ಯೂಟರಿನ ಗಡಿಯಾರ ನೋಡಿ ಅಳೆಯಿತು. ಮೊದಲ ಗುಂಪಿಗೆ 34 ಸೆಕೆಂಡ್ ಬಂತು, ಎರಡನೆಯದಕ್ಕೆ 38.

ಎರಡನೇ ಗುಂಪಿನ ಹುಡುಗಿಯ ಪುಸ್ತಕದಲ್ಲಿ ತಪ್ಪು ಗುರುತು ಹಾಕಿದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಲಿನಕ್ಸ್ ಪರದೆಯಲ್ಲಿ ‘ಟಿಎಸ್‌ಸಿ ಅನ್‌ಸ್ಟೇಬಲ್’ ಎಂಬ ಸಾಲು ಕಂಡಿದ್ದೆ. ಹಾಗಾಗಿ ಕೆಟ್ಟಿರುವುದು ಅದೇ ಎಂದುಕೊಂಡಿದ್ದೆ. “ಮೂರು ಸಲ ಅಳೆದ್ವಿ ಮಿಸ್, ಮೂರು ಸಲಾನೂ ಮೂವತ್ತೆಂಟೇ ಬಂತು” ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಚಳ್ಳಕೆರೆಯ ರೂಮಿಗೆ ಬಂದ ಮೇಲೆ ಆ ಸಾಲಿನ ಅರ್ಥ ಹುಡುಕಿದೆ. ಟಿಎಸ್‌ಸಿ ಎಂದರೆ ಪ್ರೊಸೆಸರಿನ ಒಳಗಿನ ಎಣಿಕೆಯಂತ್ರ. ಅದನ್ನು ಬಹಳ ಬೇಗ ಓದಬಹುದು. ಆದರೆ ಹಳೆಯ ಪ್ರೊಸೆಸರುಗಳು ವಿದ್ಯುತ್ ಉಳಿಸಲು ವೇಗ ಬದಲಿಸಿದರೆ ಇದರ ಎಣಿಕೆಯ ವೇಗವೂ ಬದಲಾಗುತ್ತದೆ. ಅದಕ್ಕೇ ಲಿನಕ್ಸ್ ಕರ್ನಲ್ ಅರ್ಧ ಸೆಕೆಂಡಿಗೊಮ್ಮೆ ಅದನ್ನು ಇನ್ನೊಂದು ಗಡಿಯಾರದೊಡನೆ ಹೋಲಿಸುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ‘ಅನ್‌ಸ್ಟೇಬಲ್’ ಎಂದು ಬರೆದಿಟ್ಟು, ಎಚ್‌ಪಿಇಟಿಯನ್ನೋ ಎಸಿಪಿಐ ಟೈಮರನ್ನೋ ನೆಚ್ಚಿಕೊಳ್ಳುತ್ತದೆ. ಎಸಿಪಿಐ ಟೈಮರ್ ಸೆಕೆಂಡಿಗೆ 35,79,545 ಸಲ ಎಣಿಸುತ್ತದೆ. ಕೆಲವು ಹಳೆಯ ಚಿಪ್‌ಸೆಟ್‌ಗಳಲ್ಲಿ ಅದೂ ಒಮ್ಮೊಮ್ಮೆ ತಪ್ಪು ಸಂಖ್ಯೆ ಕೊಡುತ್ತದೆ. ಅಲ್ಲಿ ಕರ್ನಲ್ ಮೂರು ಸಲ ಓದಿ, ಸಂಖ್ಯೆಗಳು ಕ್ರಮವಾಗಿ ಬಂದಿಲ್ಲದಿದ್ದರೆ ಮತ್ತೆ ಓದುತ್ತದೆ.

ಅಂದರೆ ನಾನು ಕಂಡ ಸಾಲು ದೋಷವನ್ನು ಪತ್ತೆಹಚ್ಚಿ ಬದಿಗಿಟ್ಟದ್ದರ ವರದಿ. ಸ್ಟಾಪ್ ಕ್ಲಾಕನ್ನು ಮಾತ್ರ ಯಾರೂ ಪರೀಕ್ಷಿಸಿರಲಿಲ್ಲ, ನಾನೂ ಕೂಡ.

ಮರುದಿನ ಒಂದು ಮೀಟರ್ ಉದ್ದದ ಲೋಲಕ ಕಟ್ಟಿಸಿದೆ. ಅದರ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್, 20ಕ್ಕೆ 40 ಆಗಬೇಕು. ಕಂಪ್ಯೂಟರ್ 40 ತೋರಿಸಿತು, ಸ್ಟಾಪ್ ಕ್ಲಾಕ್ 36. ಮತ್ತೆ ಮತ್ತೆ ಅಳೆದರೂ 36. ಹಲವು ಸಲ ಓದಿದರೆ ಆಗೊಮ್ಮೆ ಈಗೊಮ್ಮೆ ಬರುವ ತಪ್ಪು ಸಿಕ್ಕಿಬೀಳುತ್ತದೆ. ಸದಾ ಇರುವ ತಪ್ಪು ಸಿಗಬೇಕಾದರೆ ಇನ್ನೊಂದು ಗಡಿಯಾರವೇ ಬೇಕು.

ತರಗತಿಯ ಮುಂದೆಯೇ ಆ ಹುಡುಗಿಗೆ “ನಿನ್ನ ಉತ್ತರ ಸರಿ ಇತ್ತು, ತಪ್ಪಿದ್ದು ನಾನು” ಎಂದು ಹೇಳಿ ಗುರುತು ತಿದ್ದಿದೆ. ಸ್ಟಾಪ್ ಕ್ಲಾಕನ್ನು ಎತ್ತಿಡಲು ಹೋದಾಗ ಅವಳೇ ತಡೆದಳು: “ಮಗ್ಗದಾಗೆ ಎಳೆ ಕಡಿದ್ರೆ ಗಂಟು ಹಾಕಿ ನೇಯ್ತಾರೆ ಮಿಸ್, ಸೀರೆ ಬಿಸಾಡಲ್ಲ.” ಲೆಕ್ಕ ಹಾಕಿ ‘36 ತೋರಿಸಿದರೆ 40 ಎಂದು ತಿಳಿಯಿರಿ’ ಎಂದು ಚೀಟಿ ಬರೆದು ಅದಕ್ಕೆ ಅಂಟಿಸಿದೆವು.

ಈಗ ನನ್ನ ಪಾಠಯೋಜನೆಯಲ್ಲಿ ಪ್ರಯೋಗಕ್ಕೆ ಮೊದಲು ಐದು ನಿಮಿಷ ‘ಉಪಕರಣ ಪರೀಕ್ಷೆ’ ಎಂದಿರುತ್ತದೆ. ಮಕ್ಕಳ ಉತ್ತರ ನನ್ನದಕ್ಕೆ ಹೊಂದದಿದ್ದರೆ ಕೆಂಪು ಪೆನ್ನು ತೆಗೆಯುವ ಮೊದಲು “ಹೇಗೆ ಅಳೆದಿರಿ?” ಎಂದು ಕೇಳುತ್ತೇನೆ.