ಅಟ್ಟದ ಮೇಲಿನ ಕ್ಯಾಸೆಟ್ಟುಗಳು

2020ರ ಮಾರ್ಚ್ ಕೊನೆಯಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗ ನಾವು ಮೂವರು ಒಡಹುಟ್ಟಿದವರು ಬಹಳ ವರ್ಷಗಳ ಬಳಿಕ ಒಂದೇ ಸೂರಿನಡಿ ಉಳಿದೆವು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಕಿರಿಯವನು ನಾಲ್ಕು ದಿನಕ್ಕೆಂದು ಊರಿಗೆ ಬಂದಿದ್ದ. ಮರಳಿ ಹೋಗಲಾಗಲಿಲ್ಲ. ಅಕ್ಕ ಪಾಠ ಹೇಳುವ ಶಾಲೆ ಮುಚ್ಚಿತ್ತು. ನಡುವಿನವನ ಅಂಗಡಿಯ ಬಾಗಿಲೂ ಹಾಕಿತ್ತು. ರಾತ್ರಿ ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತರೆ ಮಾತಾಡುವುದಕ್ಕೆ ಕೊರೋನಾ ಬಿಟ್ಟು ಬೇರೆ ವಿಷಯವೇ ಇರಲಿಲ್ಲ. ಆ ಬೇಸರ ಕಳೆಯಲು ಕಿರಿಯವನು ತನ್ನ ಹಾಡುಗಳನ್ನು ಹಾಕತೊಡಗಿದ.

ಮೊದಲ ರಾತ್ರಿಯೇ ಗಿಟಾರು, ಡ್ರಮ್ಮುಗಳ ಅಬ್ಬರಕ್ಕೆ ಅಮ್ಮ ಅಡುಗೆಮನೆಯಿಂದ ಎದ್ದು ಬಂದರು. “ಅದೆಂತ ಮಾರಾಯ, ಹಾಡಾ ಅಕ್ಕಿ ಮಿಲ್ಲಾ?” ಎಂದು ಕೇಳಿದರು. ನಾವೆಲ್ಲ ನಕ್ಕೆವು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಇಬ್ಬರಿಗೆ ಅದು ಅಕ್ಕಿ ಮಿಲ್ಲಿನಂತೆಯೇ ಕೇಳಿಸಿತ್ತು. ಆದರೆ ಆ ಹಾಡಿನ ಹಿಂದಿನ ಕಥೆಯನ್ನು ಕಿರಿಯವನು ಹೇಳಿದ ಮೇಲೆ ನಮಗೆ ನಗು ಬರಲಿಲ್ಲ.

ಅದು ಅಮೆರಿಕದ ಡೆಟ್ರಾಯಿಟ್ ನಗರದ ‘ಡೆತ್’ ಎಂಬ ತಂಡದ ಹಾಡು. ಡೆತ್ ಎಂದರೆ ಸಾವು. ತಂಡದಲ್ಲಿದ್ದವರು ಡೇವಿಡ್, ಬಾಬಿ ಮತ್ತು ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ಕಪ್ಪುವರ್ಣೀಯ ಸಹೋದರರು. 1964ರಲ್ಲಿ ಬೀಟಲ್ಸ್ ತಂಡ ಮೊದಲ ಬಾರಿಗೆ ಅಮೆರಿಕದ ಟಿ.ವಿ.ಯಲ್ಲಿ ಹಾಡಿದ ರಾತ್ರಿ ಅವರ ತಂದೆ ಮಕ್ಕಳನ್ನು ಟಿ.ವಿ.ಯ ಮುಂದೆ ಕೂರಿಸಿ ತೋರಿಸಿದ್ದರಂತೆ. ಮರುದಿನ ಓಣಿಯಲ್ಲಿ ಯಾರೋ ಎಸೆದಿದ್ದ ಗಿಟಾರೊಂದು ಡೇವಿಡನಿಗೆ ಸಿಕ್ಕಿತು. ಕಲಿಕೆ ಶುರುವಾದದ್ದು ಅಲ್ಲಿಂದ. ಡೆಟ್ರಾಯಿಟ್ ಮೋಟೌನ್ ಸಂಗೀತದ ತವರು. ಕಪ್ಪು ಹುಡುಗರು ಹಾಡಬೇಕೆಂದರೆ ಆ ಬಗೆಯ ಇಂಪಾದ ಹಾಡುಗಳನ್ನೇ ಹಾಡಬೇಕೆಂದು ಜನ ಬಯಸುತ್ತಿದ್ದ ಕಾಲ. ಈ ಹುಡುಗರು ಮಾತ್ರ ಬೆಂಕಿಯಂತಹ ರಾಕ್ ಸಂಗೀತ ನುಡಿಸತೊಡಗಿದರು.

ಈ ನಡುವೆ ತಂದೆ ಅಪಘಾತದಲ್ಲಿ ತೀರಿಕೊಂಡರು. ಆ ದುಃಖದಿಂದಲೇ ಡೇವಿಡ್ ತಂಡಕ್ಕೆ ‘ಡೆತ್’ ಎಂದು ಹೆಸರಿಟ್ಟ. ಜನ ಅಂಜುವ ಆ ಪದಕ್ಕೆ ಒಳ್ಳೆಯ ಅರ್ಥ ಕೊಡಬೇಕೆಂಬುದು ಅವನ ಹಂಬಲವಾಗಿತ್ತು. 1975ರಲ್ಲಿ ಅವರು ಏಳು ಹಾಡುಗಳನ್ನು ಧ್ವನಿಮುದ್ರಿಸಿದರು. ಸಂಗೀತೋದ್ಯಮದ ಪ್ರಭಾವಿ ವ್ಯಕ್ತಿ ಕ್ಲೈವ್ ಡೇವಿಸ್ ಅವರಿಗೆ ಹಾಡುಗಳು ಹಿಡಿಸಿದವು. ಆದರೆ ಹೆಸರು ಹಿಡಿಸಲಿಲ್ಲ. ಹೆಸರು ಬದಲಿಸಿದರೆ ದಾರಿ ತೆರೆಯುತ್ತಿತ್ತು. ಡೇವಿಡ್ ಒಪ್ಪಲಿಲ್ಲ. ತಮ್ಮಂದಿರು ಅಣ್ಣನ ಮಾತು ಮೀರಲಿಲ್ಲ. 1976ರಲ್ಲಿ ಅವರು ತಮ್ಮ ಕೈಯಿಂದಲೇ ಹಣ ಹಾಕಿ ಎರಡು ಹಾಡುಗಳ ರೆಕಾರ್ಡೊಂದನ್ನು 500 ಪ್ರತಿ ಒತ್ತಿಸಿದರು. ಅದು ಎಲ್ಲೂ ಸದ್ದು ಮಾಡಲಿಲ್ಲ. 1977ಕ್ಕೆ ತಂಡ ಮುಗಿಯಿತು.

ಅದೇ 1976ರಲ್ಲಿ ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಆಲ್ಬಮ್ ಹೊರಬಂತು. ‘ಪಂಕ್’ ಎಂಬ ಹೊಸ ಸಂಗೀತ ಹುಟ್ಟಿತೆಂದು ಲೋಕ ಹೇಳಿತು. ಅದಕ್ಕೂ ಒಂದು ವರ್ಷ ಮೊದಲೇ ಅದನ್ನೇ ನುಡಿಸಿದ್ದ ಮೂವರು ಸಹೋದರರ ಟೇಪುಗಳು ಪೆಟ್ಟಿಗೆ ಸೇರಿದ್ದವು. ಪ್ರತಿಭೆ ಇದ್ದರೆ ತಾನಾಗಿ ಮೇಲೆ ಬರುತ್ತದೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಎಷ್ಟು ಸುಲಭದ ಮಾತು! ಮೇಲೆ ಬಂದವರನ್ನಷ್ಟೇ ನೋಡಿ ಆಡುವ ಮಾತಲ್ಲವೇ ಅದು?

ಆ ಕಥೆಯ ನಂತರ ರಾತ್ರಿಯ ಬೈಠಕ್ಕು ನಮಗೆ ಅಭ್ಯಾಸವಾಯಿತು. ಇಂಥ ತಂಡಗಳನ್ನು ಹುಡುಕುವುದು ಹೇಗೆಂದು ಕಿರಿಯವನನ್ನು ಕೇಳಿದೆವು. ಅವನ ಉಪಾಯ ಸರಳ. ಇಷ್ಟವಾದ ಆಲ್ಬಮಿನ ಹೊದಿಕೆಯ ಮೇಲೆ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಕೃತಜ್ಞತೆಯ ಪಟ್ಟಿ ಇರುತ್ತದೆ. ಯಾರೂ ಓದದ ಆ ಪಟ್ಟಿಯಲ್ಲಿರುವ ಹೆಸರುಗಳನ್ನು ಅವನು ಒಂದೊಂದಾಗಿ ಹುಡುಕುತ್ತಾನೆ. ಅವು ಇನ್ನಷ್ಟು ಹೆಸರುಗಳತ್ತ ಕರೆದೊಯ್ಯುತ್ತವೆ.

1972ರಲ್ಲಿ ಲೆನ್ನಿ ಕೇ ಎಂಬವರು ಮಾಡಿದ್ದೂ ಹೆಚ್ಚುಕಡಿಮೆ ಇಂಥದೇ ಕೆಲಸ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಊರೂರಿನಲ್ಲಿ ಹದಿಹರೆಯದ ಹುಡುಗರು ಮನೆಯ ಕಾರ್ ಶೆಡ್ಡಿನಲ್ಲಿ ತಂಡ ಕಟ್ಟಿಕೊಂಡು ನುಡಿಸುತ್ತಿದ್ದರು. ಗ್ಯಾರೇಜ್ ರಾಕ್ ಎಂಬ ಹೆಸರು ಬಂದದ್ದು ಹಾಗೆ. ಹೆಚ್ಚಿನ ತಂಡಗಳು ಒಂದೋ ಎರಡೋ ರೆಕಾರ್ಡು ಮಾಡಿ ಚದುರಿಹೋದವು. ಅವುಗಳಿಂದ 27 ಹಾಡುಗಳನ್ನು ಆಯ್ದು ಲೆನ್ನಿ ಕೇ ‘ನಗೆಟ್ಸ್’ ಎಂಬ ಸಂಕಲನ ಹೊರತಂದರು. ಮುಂದೆ ಪಂಕ್ ಹುಡುಗರು ಹುಡುಕಿ ಕೇಳಿದ ಸಂಕಲನಗಳಲ್ಲಿ ಅದೂ ಒಂದು. ಒಬ್ಬ ಒಳ್ಳೆಯ ಕೇಳುಗ ಏನು ಮಾಡಬಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ಇಂತಹ ತಂಡಗಳು ನಮ್ಮ ದೇಶದಲ್ಲೂ ಇದ್ದವು ಎಂಬುದು ಆಮೇಲೆ ಗೊತ್ತಾಯಿತು. ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕೆಂದು ‘ಸಿಮ್ಲಾ ಬೀಟ್’ ಹೆಸರಿನ ಸ್ಪರ್ಧೆ ನಡೆಯುತ್ತಿತ್ತು. ದೇಶದ ನಾನಾ ಕಡೆಯ ಕಾಲೇಜು ವಯಸ್ಸಿನ ಹುಡುಗರು ಬಂದು ನುಡಿಸುತ್ತಿದ್ದರು. 1970 ಮತ್ತು 1971ರ ಸ್ಪರ್ಧೆಗಳ ತಂಡಗಳ ಹಾಡುಗಳು ಎರಡು ರೆಕಾರ್ಡುಗಳಾಗಿ ಉಳಿದಿವೆ. ಸಿಗರೇಟು ಮಾರುವವರಿಗೆ ಆ ಹುಡುಗರು ಜಾಹೀರಾತು ಮಾತ್ರ. ಇಂದು ಆ ಸಿಗರೇಟಿಗಾಗಿ ಆ ಹೆಸರನ್ನು ಯಾರೂ ನೆನೆಯುವುದಿಲ್ಲ, ಹಾಡುಗಳಿಗಾಗಿ ನೆನೆಯುತ್ತಾರೆ.

ಒಂದು ರಾತ್ರಿ ಕಿರಿಯವನು ಬೇರೆಯೇ ಬಗೆಯ ಹಾಡು ಹಾಕಿದ. ಅಬ್ಬರವಿಲ್ಲ. ಸಣ್ಣ ಹುಡುಗನಂತಹ ನಡುಗುವ ದನಿ, ಅದರ ಜೊತೆಗೊಂದು ಪುಟ್ಟ ಕೀಬೋರ್ಡು, ಎಲ್ಲದರ ಹಿಂದೆ ಸುಯ್ಯೆನ್ನುವ ಟೇಪಿನ ಸದ್ದು. ಮೆಣಸಿನ ತೊಟ್ಟು ತೆಗೆಯುತ್ತ ಕೂತಿದ್ದ ಅಮ್ಮ ತಲೆ ಎತ್ತಿದರು. “ಇದು ನಿಮ್ಮ ಅಪ್ಪನ ಕ್ಯಾಸೆಟ್ಟಿನ ಹಾಗೆ ಉಂಟಲ್ಲ?” ಎಂದರು. ಆಮೇಲೆ ಸ್ವಲ್ಪ ಹೊತ್ತು ನಾವು ಯಾರೂ ಮಾತಾಡಲಿಲ್ಲ.

ಅದು ಡೇನಿಯಲ್ ಜಾನ್‌ಸ್ಟನ್ ಅವರ ಹಾಡು. 1980ರ ದಶಕದ ಆರಂಭದಲ್ಲಿ ಅವರು ಅಗ್ಗದ ಟೇಪ್ ರೆಕಾರ್ಡರಿನ ಮುಂದೆ ಕೂತು ಹಾಡಿ, ಹೊದಿಕೆಯ ಚಿತ್ರವನ್ನೂ ತಾವೇ ಬರೆದು ಕ್ಯಾಸೆಟ್ಟು ಮಾಡುತ್ತಿದ್ದರು. ಪ್ರತಿ ಮಾಡುವ ಸಾಧನವಿಲ್ಲದ ಕಾಲದಲ್ಲಿ ಯಾರಾದರೂ ಕೇಳಿದರೆ ಇಡೀ ಕ್ಯಾಸೆಟ್ಟನ್ನು ಮತ್ತೆ ಮೊದಲಿಂದ ಹಾಡಿ ಕೊಡುತ್ತಿದ್ದರಂತೆ. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಮೆಕ್‌ಡೊನಾಲ್ಡ್ಸ್ ಹೋಟೆಲಿನಲ್ಲಿ ದುಡಿಯುತ್ತ, ಸಿಕ್ಕವರ ಕೈಗೆ ಕ್ಯಾಸೆಟ್ಟು ಕೊಡುತ್ತಿದ್ದರು. ಮನೋರೋಗದಿಂದ ಜೀವನವಿಡೀ ನರಳಿದರು. 1992ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್ ಅವರ ಕ್ಯಾಸೆಟ್ಟಿನ ಚಿತ್ರವಿದ್ದ ಅಂಗಿ ತೊಟ್ಟು ಕಾಣಿಸಿಕೊಂಡ ಮೇಲೆ ಲೋಕ ಅವರತ್ತ ತಿರುಗಿ ನೋಡಿತು. 2019ರಲ್ಲಿ ಅವರು ತೀರಿಕೊಂಡರು.

ಈ ಬಗೆಯ ಮನೆಮುದ್ರಣಕ್ಕೆ ಲೋ-ಫೈ ಎನ್ನುತ್ತಾರೆ. ಇದಕ್ಕೆ ದೊಡ್ಡ ಬಲ ಕೊಟ್ಟದ್ದು 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ತಂದ ‘ಪೋರ್ಟಾಸ್ಟುಡಿಯೋ’ ಎಂಬ ಯಂತ್ರ. ನಮ್ಮೆಲ್ಲರ ಮನೆಯಲ್ಲಿದ್ದ ಸಾಮಾನ್ಯ ಸ್ಟೀರಿಯೋ ಕ್ಯಾಸೆಟ್ಟಿನ ಟೇಪಿನಲ್ಲಿ ನಾಲ್ಕು ಜಾಡುಗಳಿರುತ್ತವೆ. ಒಂದು ಬದಿಗೆ ಎರಡು, ತಿರುಗಿಸಿ ಹಾಕಿದರೆ ಇನ್ನೆರಡು. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಎರಡು ಪಟ್ಟು ವೇಗದಲ್ಲಿ ಬಳಸಿತು. ಒಂದರಲ್ಲಿ ಗಿಟಾರು, ಒಂದರಲ್ಲಿ ಡ್ರಮ್ಮು, ಒಂದರಲ್ಲಿ ದನಿ ಎಂದು ಒಬ್ಬನೇ ಕೂತು ಒಂದೊಂದಾಗಿ ತುಂಬಬಹುದಿತ್ತು. ಮೂರನ್ನೂ ಸೇರಿಸಿ ನಾಲ್ಕನೆಯದಕ್ಕೆ ಇಳಿಸಿದರೆ ಮೂರು ಜಾಡು ಮತ್ತೆ ಖಾಲಿ. ಆದರೆ ಹಾಗೆ ಇಳಿಸಿದ ಪ್ರತಿ ಸಲವೂ ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚುತ್ತದೆ. ಸ್ಟುಡಿಯೋದ ಬಾಡಿಗೆ ಕೊಡಲಾಗದವರು ಆ ಸದ್ದನ್ನು ಸಹಿಸಿಕೊಂಡರು.

ಒಹಾಯೋ ರಾಜ್ಯದ ಡೇಟನ್ ಎಂಬ ಊರಿನ ರಾಬರ್ಟ್ ಪೊಲಾರ್ಡ್ ಅಂಥವರಲ್ಲೊಬ್ಬರು. ಅವರು ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಗೆಳೆಯರ ಜೊತೆ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಇಂತಹ ಯಂತ್ರದ ಮುಂದೆ ಕೂರುತ್ತಿದ್ದರು. ‘ಗೈಡೆಡ್ ಬೈ ವಾಯ್ಸಸ್’ ಎಂಬ ಅವರ ತಂಡ ವರ್ಷಗಟ್ಟಲೆ ರೆಕಾರ್ಡು ಮಾಡಿದರೂ ಕೇಳಿದವರು ಕೆಲವೇ ಜನ. 1994ರಲ್ಲಿ ‘ಬೀ ಥೌಸಂಡ್’ ಎಂಬ ಆಲ್ಬಮ್ ಬಂದಾಗ ಅವರಿಗೆ 36 ವರ್ಷ. ಅದರಲ್ಲಿ 20 ಹಾಡುಗಳಿವೆ, ಹೆಚ್ಚಿನವು ಎರಡು ನಿಮಿಷವನ್ನೂ ದಾಟುವುದಿಲ್ಲ. ಆ ಆಲ್ಬಮ್ ಅವರಿಗೆ ಹೆಸರು ತಂದಿತು. ಇದನ್ನು ಕೇಳಿ ಅಕ್ಕ, “ಇಡೀ ದಿನ ನಾಲ್ಕನೆಯ ಕ್ಲಾಸಿನ ಮಕ್ಕಳ ಜೊತೆ ಗಂಟಲು ಒಣಗಿಸಿಕೊಂಡು ಬಂದ ಮೇಲೆ ಹಾಡಲು ದನಿ ಎಲ್ಲಿಂದ ಬರುತ್ತಿತ್ತು?” ಎಂದಳು. ಅದು ಮೇಷ್ಟ್ರಿಗೆ ಮೇಷ್ಟ್ರು ಸಲ್ಲಿಸಿದ ಗೌರವ.

ಕೇಳದೆ ಉಳಿದದ್ದೆಲ್ಲ ಮುತ್ತೇ ಎಂದು ಹೇಳುತ್ತಿಲ್ಲ. ಈ ಹುಡುಕಾಟದಲ್ಲಿ ಮನಸ್ಸನ್ನು ಚುಚ್ಚುವ ಸಂಗತಿಯೂ ಸಿಕ್ಕಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರೀಮಾಂಟ್ ಎಂಬ ಸಣ್ಣ ಊರಿನಲ್ಲಿ ಆಸ್ಟಿನ್ ವಿಗಿನ್ ಎಂಬ ತಂದೆ ತನ್ನ ಹೆಣ್ಣುಮಕ್ಕಳು ಪ್ರಸಿದ್ಧರಾಗುತ್ತಾರೆಂದು ನಂಬಿ, ಅವರನ್ನು ಶಾಲೆ ಬಿಡಿಸಿ ‘ದಿ ಶ್ಯಾಗ್ಸ್’ ಎಂಬ ತಂಡ ಕಟ್ಟಿಸಿದ. 1969ರಲ್ಲಿ ಮುದ್ರಿಸಿದ ಅವರ ಆಲ್ಬಮಿನಲ್ಲಿ ತಾಳಕ್ಕೂ ರಾಗಕ್ಕೂ ಹೊಂದಿಕೆಯೇ ಇಲ್ಲ. 1975ರಲ್ಲಿ ತಂದೆ ತೀರಿಕೊಂಡ ಮೇಲೆ ಮಕ್ಕಳು ನುಡಿಸುವುದನ್ನು ಬಿಟ್ಟುಬಿಟ್ಟರು. 1980ರಲ್ಲಿ ಆಲ್ಬಮ್ ಮತ್ತೆ ಹೊರಬಂದಾಗ ಕೆಲವರು ಮುಗ್ಧ ಪ್ರತಿಭೆ ಎಂದು ಮೆಚ್ಚಿದರು, ಹಲವರು ಕೇಳಿ ನಕ್ಕರು. ಆ ಹುಡುಗಿಯರನ್ನು ಮೊದಲು ಯಾರಾದರೂ ಕೇಳಿದ್ದರೇ, ನಿಮಗೆ ಹಾಡಲು ಇಷ್ಟವಿದೆಯೇ ಎಂದು? ಅಪರೂಪದ್ದನ್ನು ಹುಡುಕಿ ತೆಗೆದೆವೆಂಬ ಹೆಮ್ಮೆಯಲ್ಲಿ, ಆ ದನಿಯ ಹಿಂದೆ ಒಂದು ಜೀವ ಇದೆ ಎಂಬುದನ್ನು ಮರೆಯಬಾರದು.

ಹ್ಯಾಕ್ನಿ ಸಹೋದರರ ಕಥೆ ಇನ್ನೂ ಮುಗಿದಿಲ್ಲ. ಅವರು ವರ್ಮಾಂಟ್ ರಾಜ್ಯಕ್ಕೆ ಹೋಗಿ ನೆಲೆಸಿದರು. ಡೇವಿಡ್ ಮಾತ್ರ ಡೆಟ್ರಾಯಿಟಿಗೆ ಮರಳಿ, 2000ದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಅದಕ್ಕೆ ಮುಂಚೆ ಅವನು ಬಾಬಿಗೆ ಮೂಲ ಟೇಪುಗಳನ್ನು ಒಪ್ಪಿಸಿದ್ದ. ಒಂದು ದಿನ ಲೋಕ ಇದನ್ನು ಹುಡುಕಿಕೊಂಡು ಬರುತ್ತದೆ, ಅಲ್ಲಿಯವರೆಗೆ ಜೋಪಾನವಾಗಿಡು ಎಂದಿದ್ದ. ಬಾಬಿಗೆ ಅದರಲ್ಲಿ ನಂಬಿಕೆ ಇತ್ತೋ ಇಲ್ಲವೋ, ಟೇಪುಗಳು ಅವನ ಮನೆಯ ಅಟ್ಟದ ಮೇಲೆ ಉಳಿದವು. ಅಷ್ಟರಲ್ಲಿ ಹಳೆಯ ರೆಕಾರ್ಡು ಸಂಗ್ರಹಿಸುವವರ ಕೈಗೆ ಆ 500ರಲ್ಲಿ ಕೆಲವು ಪ್ರತಿಗಳು ಸಿಕ್ಕಿ, ನೂರಾರು ಡಾಲರಿಗೆ ಮಾರಾಟವಾಗತೊಡಗಿದ್ದವು. ಬಾಬಿಯ ಮಗನಿಗೆ ಆ ಹಾಡು ಹೊರಗಿನವರಿಂದ ಕೇಳಸಿಕ್ಕಿತು. ಹಾಡುತ್ತಿರುವುದು ತನ್ನ ಅಪ್ಪನೇ ಎಂದು ದನಿಯಿಂದ ತಿಳಿಯಿತು! ಮಕ್ಕಳಿಗೆ ಅಪ್ಪ ಅದನ್ನು ಹೇಳಿಯೇ ಇರಲಿಲ್ಲ. 2009ರಲ್ಲಿ ಡ್ರ್ಯಾಗ್ ಸಿಟಿ ಎಂಬ ಸಣ್ಣ ಸಂಸ್ಥೆ ಆ ಏಳು ಹಾಡುಗಳನ್ನು ಹೊರತಂದಿತು. 34 ವರ್ಷಗಳ ಬಳಿಕ!

ಈ ಭಾಗ ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಾರಣ ಹೇಳಿಬಿಡುತ್ತೇವೆ.

1980ರ ದಶಕದಲ್ಲಿ ನಮ್ಮ ಅಪ್ಪ ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಿದ್ದರು. ಫೋನು ಇರಲಿಲ್ಲ. ಪತ್ರ ಬರೆಯುವುದು ಅವರಿಗೆ ಕಷ್ಟ. ಆದ್ದರಿಂದ ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಯಲ್ಲಿ ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಅವರ ಮಾತಿನ ಹಿಂದೆ ಎ.ಸಿ. ಯಂತ್ರದ ಗುಂಯ್‌ಗುಡುವಿಕೆ, ಕೋಣೆಯ ಜೊತೆಗಾರರ ಕೆಮ್ಮು, ಟೇಪಿನ ಸದ್ದು. ನಾವು ಸುತ್ತ ಕೂತು ಕೇಳುತ್ತಿದ್ದೆವು. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡು ಮಾಡಲಾಗದು. ಅಪ್ಪ ಅವನ್ನು ಮುರಿದೇ ಕಳುಹಿಸುತ್ತಿದ್ದರು. ನಾವು ಆ ತೂತಿಗೆ ಕಾಗದ ತುರುಕಿ, ರೇಡಿಯೋದಿಂದ ಸಿನಿಮಾ ಹಾಡು ತುಂಬಿಸಿಕೊಂಡೆವು. ಹೊಸ ಕ್ಯಾಸೆಟ್ಟಿಗೆ ಹಣ ಇರಲಿಲ್ಲ, ಅಪ್ಪ ಹೇಗೂ ಇನ್ನೊಂದು ಕಳುಹಿಸುತ್ತಾರೆ ಎಂಬ ಧೈರ್ಯ. 1998ರಲ್ಲಿ ಅವರು ತೀರಿಕೊಂಡರು. ಅವರ ದನಿ ಎಲ್ಲೂ ಇಲ್ಲವೆಂದು ಆಗಲೇ ನಮಗೆ ಗೊತ್ತಾಗಬೇಕಿತ್ತು. ಗೊತ್ತಾದದ್ದು 22 ವರ್ಷಗಳ ಬಳಿಕ, ದೂರದ ಊರಿನ ಹಾಡೊಂದು ಕೇಳಿ ಅಮ್ಮ ಹೇಳಿದಾಗ.

ಮರುದಿನ ಅಟ್ಟ ಹತ್ತಿದೆವು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಐದು ಕ್ಯಾಸೆಟ್ಟುಗಳು ಸಿಕ್ಕಿದವು. ಎರಡಕ್ಕೆ ಬೂಷ್ಟು ಹಿಡಿದಿತ್ತು. ಟೇಪ್ ರೆಕಾರ್ಡರ್ ಸರಿಮಾಡಿಸಲು ಲಾಕ್‌ಡೌನ್ ಸಡಿಲವಾಗುವವರೆಗೆ ಕಾಯಬೇಕಾಯಿತು. ನಾಲ್ಕರಲ್ಲಿ ಬರೀ ಹಾಡುಗಳು. ಐದನೆಯದರ ಎರಡನೆಯ ಬದಿಯಲ್ಲಿ ಕೊನೆಯ ಹಾಡು ತಟ್ಟನೆ ನಿಂತಿತು. ಆಮೇಲೆ ಎ.ಸಿ.ಯ ಸದ್ದು. ನಾವು ತುಂಬಿಸಲು ಹಾಡು ಸಿಗದೆ ಬಿಟ್ಟ ಜಾಗ ಅದು. ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡಿಸಿ, ಮಕ್ಕಳನ್ನು ತೋಡಿನ ಹತ್ತಿರ ಬಿಡಬೇಡ ಎಂದು ಅಪ್ಪ ಹೇಳುತ್ತಿದ್ದಾರೆ. ಒಂದು ನಿಮಿಷವೂ ಇಲ್ಲ. ಟೇಪು ಮುಗಿಯಿತು.

ಕಿರಿಯವನು ಅದನ್ನು ಕಂಪ್ಯೂಟರಿಗೆ ಇಳಿಸಿದ. ಹಿಂದಿನ ಸದ್ದನ್ನು ತೆಗೆದು ದನಿಯನ್ನಷ್ಟೇ ಉಳಿಸಬಹುದು ಎಂದ. ಅಮ್ಮ ಬೇಡವೆಂದರು. ಅವರಿಗೆ ಆ ಸದ್ದೂ ಅಪ್ಪನದೇ.

ಓದುಗರೇ, ನಿಮಗೆ ರಾಕ್ ಸಂಗೀತ ಹಿಡಿಸದಿರಬಹುದು. ನಮ್ಮ ಅಮ್ಮನಿಗೂ ಅದು ಇಂದಿಗೂ ಅಕ್ಕಿ ಮಿಲ್ಲೇ. ಆದರೆ ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನ ತಳದಲ್ಲೋ ಹಳೆಯ ಕ್ಯಾಸೆಟ್ಟುಗಳಿದ್ದರೆ ಗುಜರಿಯವನಿಗೆ ಕೊಡುವ ಮುನ್ನ ಒಮ್ಮೆ ಕೊನೆಯವರೆಗೆ ಕೇಳಿ. ಹಾಡು ನಿಂತ ಮೇಲೂ ಸ್ವಲ್ಪ ಹೊತ್ತು ಕಾಯಿರಿ.